ಹಂದರಕ್ಕೊಂದು ಕಾರಣ

ಟಕ್ ಎಂದು ಒಂದು ಸಣ್ಣ ಸದ್ದು. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಾಗ ಬರುವಂಥದು. ಶಶಿರೇಖಾ ಕಣ್ಣು ಬಿಟ್ಟಳು. ಪಕ್ಕದಲ್ಲಿ ಹಾಸಿಗೆ ಖಾಲಿಯಿತ್ತು. ನಡುರಾತ್ರಿ ಕಳೆದು ಬಹಳ ಹೊತ್ತಾಗಿತ್ತು.

ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಪ್ರಭುಸ್ವಾಮಿ ನಿಂತಿದ್ದ. ಕಟ್ಟೆಯ ಮೇಲೆಲ್ಲ ಅವಲಕ್ಕಿ ಚೆಲ್ಲಿತ್ತು. ಒಗ್ಗರಣೆ ಸ್ವಲ್ಪ ಸೀದ ವಾಸನೆ. ಅವನು ಊಟದ ಡಬ್ಬಿಯನ್ನು ಹೂವಿನ ಚಿತ್ರದ ಕರವಸ್ತ್ರದಲ್ಲಿ ಸುತ್ತುತ್ತಿದ್ದ.

“ನೀನ್ಯಾಕೆ ಎದ್ದೆ? ಮಲಕ್ಕೋ. ಇವತ್ತು ಡಬ್ಬಿ ನಾನೇ ಕಟ್ಟಿದೀನಿ. ಮೇದಿನಿ ನೀರಿನ ಬಾಟ್ಲಿ ಎಲ್ಲಿಟ್ಟೆ?”

ಮೇದಿನಿ ತೀರಿಹೋಗಿ ಮೂರು ವರ್ಷವಾಗಿತ್ತು.

ಮೊದಮೊದಲು ಶಶಿರೇಖಾ ನಿಜವನ್ನೇ ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಅವನು ಆಗ ತಾನೇ ಕೇಳಿದವನಂತೆ ಗೋಡೆ ಹಿಡಿದು ಕುಸಿಯುತ್ತಿದ್ದ. ಒಂದೇ ಮಗಳು ಒಬ್ಬ ಅಪ್ಪನ ಪಾಲಿಗೆ ಎಷ್ಟು ಸಲ ಸಾಯಬಹುದು ಎಂದು ಯೋಚಿಸಿ, ಆಮೇಲೆ ಸುಳ್ಳು ಹೇಳುವುದನ್ನು ಕಲಿತಳು.

“ಇವತ್ತು ರಜಾ, ಪ್ರಭು. ಎರಡನೇ ಶನಿವಾರ.”

“ಹೌದಲ್ಲ!” ಅವನ ಮುಖ ಸಡಿಲವಾಯಿತು. “ಸರಿ, ಮಲಗಿರ್ಲಿ ಪಾಪ.” ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಕಟ್ಟೆ ಒರೆಸಿ, ಬಂದು ಮಲಗಿದ.

ಬೆಳಗ್ಗೆ ಏಳುವಾಗ ಅವನಿಗೆ ಮಗಳ ಅಂತ್ಯಕ್ರಿಯೆ ನೆನಪಾಗಿತ್ತು. ಮಧ್ಯಾಹ್ನ, ತನಗಿನ್ನೂ ಮದುವೆಯೇ ಆಗಿಲ್ಲವೆಂಬಂತೆ ಶಶಿರೇಖಾಳ ಎದುರು ಸಂಕೋಚದಿಂದ ಅಂಗಿಯ ಗುಂಡಿ ಹಾಕಿಕೊಂಡ. ಸಂಜೆ ಗೇಟಿನ ಬಳಿ ನಿಂತು ತೀರಿಹೋದ ಅಪ್ಪನಿಗಾಗಿ ಕಾದ.

ಹಿಂದಿನ ಮಳೆಗಾಲದಲ್ಲಿ ಅವನಿಗೆ ಮಿದುಳು ಜ್ವರ ಬಂದಿತ್ತು. ಜೀವ ಉಳಿಯಿತು, ಮಾತು ಉಳಿಯಿತು. ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತು ವರ್ಷ ಹೇಳಿಕೊಟ್ಟ ಕಾಂಕ್ರೀಟಿನ ಲೆಕ್ಕಗಳೂ ಉಳಿದವು. ಒಂದೇ ಒಂದು ನೆನಪೂ ಅಳಿಸಿಹೋಗಿರಲಿಲ್ಲ. ಹೋದದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬುದು. ಹೊಲಿಗೆ ಬಿಚ್ಚಿದ ಪುಸ್ತಕದ ಹಾಳೆಗಳನ್ನು ಗಾಳಿಗೆ ಹಿಡಿದ ಹಾಗೆ, ಯಾವ ಹಾಳೆ ಕೈಗೆ ಸಿಕ್ಕಿದರೆ ಅದೇ ಅವನಿಗೆ ಇವತ್ತು.

*

ಮೈಸೂರಿನ ರಿಂಗ್ ರೋಡಿನಾಚೆ, ನೀಲಗಿರಿ ಮರಗಳ ನಡುವೆ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿನ ಮುಖ್ಯಸ್ಥರು ಡಾ. ಪಿಂಟೋ, ಮಂಗಳೂರಿನ ಕಡೆಯವರು, ಐವತ್ತು ದಾಟಿದವರು. ಶಶಿರೇಖಾ ಕುಳಿತ ಕೂಡಲೇ ಕೇಳಿದರು:

“ನೀವು ಟಿ.ವಿ. ಧಾರಾವಾಹಿಗೆ ಕತೆ ಕಟ್ಟುವವರಂತೆ? ನನ್ನ ಹೆಂಡತಿಗೆ ನಿಮ್ಮ ಮೇಲೆ ತುಂಬ ಸಿಟ್ಟುಂಟು. ಆ ಒಳ್ಳೆಯ ಸೊಸೆಯನ್ನು ಎಂತಕ್ಕೆ ಬಾವಿಗೆ ಹಾಕಿದ್ದು?”

“ಅದು ನಾನಲ್ಲ ಸರ್. ಬೇರೆ ಚಾನೆಲ್.”

“ಬಚಾವಾದಿರಿ.” ನಕ್ಕರು. ಆಮೇಲೆ ನಗು ನಿಲ್ಲಿಸಿ ಪರದೆಯನ್ನು ಅವಳತ್ತ ತಿರುಗಿಸಿದರು. ಕಪ್ಪು ಹಿನ್ನೆಲೆಯಲ್ಲಿ ನೂರಾರು ಬೆಳಕಿನ ಚುಕ್ಕಿಗಳು. “ಇವು ನಿಮ್ಮ ಯಜಮಾನರ ನೆನಪುಗಳು. ಯಾವ ಚುಕ್ಕಿ ಯಾವ ನೆನಪು ಅಂತ ನನಗೆ ಗೊತ್ತಾಗುವುದಿಲ್ಲ. ನನಗೆ ಕಾಣುವುದು ಇವುಗಳ ನಡುವಿನ ಗೆರೆ ಮಾತ್ರ. ನಿಮ್ಮ, ನನ್ನ ತಲೆಯಲ್ಲಿ ಗೆರೆಗಳೇ ಗೆರೆಗಳು. ಇಲ್ಲಿ ನೋಡಿ, ಒಂದೂ ಇಲ್ಲ.”

“ಮತ್ತೆ ಹಾಕೋಕಾಗುತ್ತಾ?”

“ಹಾಕಬಹುದು. ಮೊದಲು ನಾವು ತಾರೀಕು ಹಾಕಿ ನೋಡಿದೆವು. ಇಂಥ ವರ್ಷ ಮದುವೆ, ಇಂಥ ವರ್ಷ ಮಗು. ಒಂದು ದಿನ ನಿಂತಿತು, ಮರುದಿನ ಉದುರಿತು. ಮಿದುಳಿಗೆ ಕ್ಯಾಲೆಂಡರ್ ಗೊತ್ತಿಲ್ಲ ಮಾರಾಯ್ರೆ. ಅದಕ್ಕೆ ಗೊತ್ತಿರುವುದು ಯಾವುದರಿಂದ ಯಾವುದು ಆಯಿತು ಅಂತ. ಕಾರಣ ಕೊಟ್ಟರೆ ಹಿಡಿದುಕೊಳ್ಳುತ್ತದೆ. ಕತೆಯ ಹಾಗೆ. ಅದಕ್ಕೇ ಈ ಯಂತ್ರಕ್ಕೆ ಹಂದರ ಅಂತ ಹೆಸರಿಟ್ಟೆವು. ಬಳ್ಳಿ ಅವರದ್ದೇ. ಕೋಲು, ದಾರ ನಾವು ಕಟ್ಟಿಕೊಡುವುದು.”

ಹೇಗೆಂದು ವಿವರಿಸಿದರು. ಮದ್ದು ಕೊಟ್ಟು ರೋಗಿಯನ್ನು ಗಾಢ ನಿದ್ದೆಗೆ ಇಳಿಸುತ್ತಾರೆ. ತಲೆಗೆ ತಂತಿಯ ಬಲೆಯಂಥ ಟೋಪಿ. ಹತ್ತಿರದವರೊಬ್ಬರು ಪಕ್ಕದಲ್ಲಿ ಕುಳಿತು ಅವನ ಬದುಕನ್ನು ಅವನ ಕಿವಿಗೆ ಹೇಳಬೇಕು. ಎರಡು ನೆನಪುಗಳ ನಡುವೆ ಕೊಂಡಿ ಬೀಳಬೇಕಾದಲ್ಲಿ ಹೊಲಿಗೆ ಯಂತ್ರದಲ್ಲಿರುವಂಥ ಪೆಡಲನ್ನು ಕಾಲಿನಿಂದ ಒತ್ತಬೇಕು. ಆಗ ಒಂದು ಸೂಕ್ಷ್ಮವಾದ ವಿದ್ಯುತ್ ಮಿಡಿತ ಆ ಎರಡನ್ನೂ ಬೆಸೆಯುತ್ತದೆ. ಕೊನೆಯವರೆಗೂ ಒಬ್ಬರದೇ ದನಿ ಇರಬೇಕು. ಗಂಡ ಹೆಂಡಿರ ಮಾತಾದ್ದರಿಂದ ಹೊರಗೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

“ಮೂರು ವಿಷಯ ನೆನಪಿಡಿ. ಇಲ್ಲದ ನೆನಪನ್ನು ಸೇರಿಸಲಿಕ್ಕಾಗುವುದಿಲ್ಲ. ಅವರ ತಲೆಯಲ್ಲಿ ಇರುವುದನ್ನೇ ಜೋಡಿಸಬೇಕು. ಒಂದು ಸಲ ಹೇಳಿದ್ದು ಹಸಿ ಇರುತ್ತದೆ, ಕೆಲವು ದಿನಕ್ಕೆ ತಾನೇ ಕಳಚುತ್ತದೆ. ಮತ್ತೆ ಮತ್ತೆ ಹೇಳಿದರೆ ಗಟ್ಟಿ. ಗಟ್ಟಿಯಾದ ಮೇಲೆ ಎಳೆದರೆ ಇಡೀ ಹಂದರ ಬೀಳುತ್ತದೆ. ಬಿದ್ದದ್ದನ್ನು ಎರಡನೇ ಸಲ ಎಬ್ಬಿಸಿದ ಉದಾಹರಣೆ ನಮ್ಮಲ್ಲಿಲ್ಲ.”

“ಮೂರನೇದು?”

“ದೊಡ್ಡ ನೆನಪನ್ನು ಕೊಂಡಿಯಿಲ್ಲದೆ ಬಿಡಬೇಡಿ. ಬಿಟ್ಟರೆ ಮನಸ್ಸು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಅದು ಎಂಥದ್ದನ್ನು ಹುಡುಕೀತು ಅಂತ ಹೇಳಲಿಕ್ಕಾಗುವುದಿಲ್ಲ.”

ಶಶಿರೇಖಾ ತಲೆಯಾಡಿಸಿದಳು. ಕಾರಣವೇ ಇಲ್ಲದ ದೊಡ್ಡ ನೆನಪು ಅವರ ಮನೆಯಲ್ಲಿ ಒಂದಿತ್ತು.

*

ಕತೆ ಕಟ್ಟುವ ಕೋಣೆಯಲ್ಲಿ ಹದಿನೈದು ವರ್ಷ ಅವಳು ಮಾಡಿದ್ದು ಇದೇ ಕೆಲಸ. ಒಂದೊಂದು ದೃಶ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು. ಒಂದು ಚೀಟಿಯನ್ನು ಕಿತ್ತರೆ ಮುಂದಿನದು ತಾನಾಗಿ ಬೀಳಬೇಕು. ಬೀಳದಿದ್ದರೆ ಅವೆರಡೂ ಬರೀ ಅಕ್ಕಪಕ್ಕ ಕುಳಿತಿವೆ ಎಂದರ್ಥ, ಅಂಥ ದೃಶ್ಯವನ್ನು ತೆಗೆಯಬೇಕು. ಹೊಸಬರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು.

ಈಗ ಗಂಡನ ಬದುಕನ್ನು ಹಾಗೆ ಕಟ್ಟಲು ಕುಳಿತಳು. ಹುಟ್ಟಿನಿಂದ ಶುರುಮಾಡಲಿಲ್ಲ. ಅವನು ಏನನ್ನು ಬಯಸಿದ್ದ ಎಂಬಲ್ಲಿಂದ ಶುರುಮಾಡಿದಳು: ಸೇತುವೆ ಕಟ್ಟಬೇಕೆಂದಿದ್ದ ಹುಡುಗ. ಅಪ್ಪ ಕಾಯಿಲೆ ಬಿದ್ದದ್ದರಿಂದ ಊರು ಬಿಡಲಿಲ್ಲ. ಊರು ಬಿಡದ್ದರಿಂದ ಪಾಲಿಟೆಕ್ನಿಕ್ ಕೆಲಸ. ಆ ಕೆಲಸ ಸಿಕ್ಕಿದ್ದರಿಂದ, ಕಾಲೇಜಿನಲ್ಲಿ ಜೊತೆಗೆ ಓದಿದ ಶಶಿರೇಖಾಳ ಮನೆಗೆ ಧೈರ್ಯವಾಗಿ ಬಂದು ಕೇಳಿದ.

“ಅಪ್ಪನ ಕಾಯಿಲೆಯಿಂದ ಅಂತೆ!” ಅತ್ತೆ ಪುಟ್ಟತಾಯಮ್ಮ ಹುರುಳಿಕಾಯಿ ಮುರಿಯುತ್ತ ಮೂಗು ಮುರಿದರು. “ಅವನು ಊರು ಬಿಡದೆ ಇದ್ದದ್ದು ಸೋಮಾರಿತನಕ್ಕೆ ಕಣೇ. ಬೆಳಗ್ಗೆ ಎಂಟಕ್ಕೆ ಏಳೋ ಮಗ ಯಾವ ಸೇತುವೆ ಕಟ್ಟಾನು?”

“ಸೋಮಾರಿತನ ಅಂತ ಹಾಕಿದ್ರೆ ಮುಂದಿನದು ನಿಲ್ಲಲ್ಲ ಅತ್ತೆ.”

“ಹಾಕಮ್ಮ, ನಿನಗಿಷ್ಟ ಬಂದದ್ದು ಹಾಕು. ಗಂಡನ್ನ ಹೆಸರು ಹಿಡಿದು ಕರೆಯೋಳು, ಅವನ ಜಾತಕಾನೂ ನೀನೇ ಬರಿ.” ಆಮೇಲೆ ದನಿ ತಗ್ಗಿಸಿದರು. “ಸರಿ ಹೋಗ್ತಾನೇನೇ ಶಶೀ?”

ಸರಿ ಹೋಗತೊಡಗಿದ. ಮೊದಲ ಕೆಲವು ಸಲ ಹೇಳಿದ ಮೇಲೆ ಅವನು ಗೇಟಿನ ಬಳಿ ಅಪ್ಪನಿಗಾಗಿ ಕಾಯುವುದನ್ನು ಬಿಟ್ಟ. ಒಂದು ಸಂಜೆ, “ಅಪ್ಪ ಹೋದಮೇಲೆ ಅಲ್ವಾ ನಾವು ಈ ಮನೆಗೆ ಬಂದದ್ದು?” ಎಂದು ತಾನೇ ಕೇಳಿದ. ಶಶಿರೇಖಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು. ಮದುವೆ ನಿಂತಿತು. ಮನೆ ನಿಂತಿತು. ಮೇದಿನಿ ಹುಟ್ಟಿದಳು, ಹಲ್ಲು ಬಂತು, ಶಾಲೆ ಸೇರಿದಳು. ಹಂದರ ಅಲ್ಲಿಯವರೆಗೆ ಬಂದು ನಿಂತುಕೊಂಡಿತು.

ಮುಂದೆ ನಡೆದದ್ದು ಇಷ್ಟು. ಎಂಟು ವರ್ಷದ ಮೇದಿನಿ ಮನೆ ಮುಂದೆ ಕುಂಟಾಬಿಲ್ಲೆ ಆಡುತ್ತಿದ್ದಳು. ಬಿಲ್ಲೆ ಎಸೆದು, ಕಾಲೆತ್ತಿ, ಹಾಗೇ ಕುಳಿತುಬಿಟ್ಟಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಮಿದುಳಿನ ಒಂದು ರಕ್ತನಾಳ ಹುಟ್ಟಿನಿಂದಲೇ ತೆಳುವಾಗಿತ್ತಂತೆ, ಅದು ಒಡೆದಿತ್ತು. ಯಾವತ್ತಾದರೂ ಒಡೆಯಬಹುದಾಗಿತ್ತು, ನೂರು ವರ್ಷ ಒಡೆಯದೆಯೂ ಇರಬಹುದಾಗಿತ್ತು. “ಮೊದಲೇ ತಿಳಿಯೋಕೆ ದಾರಿ ಇರಲಿಲ್ಲಮ್ಮ. ಇದು ಯಾರ ತಪ್ಪೂ ಅಲ್ಲ,” ಎಂದಿದ್ದರು ಡಾಕ್ಟರು. ಅವತ್ತು ಆ ಮಾತು ಸಮಾಧಾನ ಕೊಟ್ಟಿತ್ತು. ಈಗ ಅದೇ ಮಾತು ಕುತ್ತಿಗೆಗೆ ಬಂದಿತ್ತು. ರಕ್ತನಾಳ ಒಡೆದದ್ದನ್ನು ಅವಳು ಹೇಳಿ ನೋಡಿದಳು, ಪೆಡಲ್ ಒತ್ತಿದಳು. ಪಿಂಟೋ ಅವರ ಪರದೆಯ ಮೇಲೆ ಗೆರೆ ಮೂಡಲೇ ಇಲ್ಲ. ಆ ರಕ್ತನಾಳ ಪ್ರಭುವಿನ ನೆನಪಿನಲ್ಲಿ ಇರಲಿಲ್ಲ. ಅವನು ಅದನ್ನು ಕಂಡಿರಲಿಲ್ಲ, ಮುಟ್ಟಿರಲಿಲ್ಲ; ಡಾಕ್ಟರ ಮಾತೂ ಅವತ್ತು ಅವನ ಕಿವಿಗೆ ಬಿದ್ದಿರಲಿಲ್ಲ. ಅದರ ಹಿಂದೆ ಯಾವ ಮನುಷ್ಯನೂ ಇರಲಿಲ್ಲ.

*

“ಹಣೇಲಿ ಅಷ್ಟೇ ಬರೆದಿತ್ತು ಅಂತ ಹಾಕು,” ಎಂದರು ಅತ್ತೆ. “ಅವತ್ತು ನಾನು ಅವನ ತಲೆ ಹಿಡ್ಕೊಂಡು ಅದನ್ನೇ ಹೇಳಿದ್ದೆ. ಅವನಿಗೆ ನೆನಪಿರುತ್ತೆ.”

ಶಶಿರೇಖಾಳಿಗೆ ಅಳುಕಿತ್ತು. ಕತೆಯಲ್ಲಿ ದಾರಿ ಕಾಣದಾದಾಗ ದೇವರನ್ನು ಇಳಿಸಬಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಸಲ ಹೇಳಿದಳು. ಗೆರೆ ಮೂಡಿತು.

ಮರುದಿನ ಪ್ರಭು ಎದ್ದು ಜಗಲಿಯ ಕುರ್ಚಿಯಲ್ಲಿ ಕುಳಿತವನು ಏಳಲಿಲ್ಲ. ಮಗಳನ್ನು ಹುಡುಕಲಿಲ್ಲ, ಅಳಲಿಲ್ಲ. ತಟ್ಟೆ ಮುಂದಿಟ್ಟರೆ ಮುಟ್ಟಲಿಲ್ಲ.

“ತಿನ್ನೋ, ದೋಸೆ ಆರ್ತಾ ಇದೆ.”

“ತಿನ್ನೋದು ಬರೆದಿದ್ರೆ ತಿಂತೀನಮ್ಮ.”

“ಸ್ನಾನನಾದ್ರೂ ಮಾಡೋ.”

“ಆಗೋದಿದ್ರೆ ಆಗುತ್ತೆ.”

ನಾಲ್ಕನೇ ದಿನ ಪುಟ್ಟತಾಯಮ್ಮನವರ ತಾಳ್ಮೆ ಮುಗಿಯಿತು. “ಇವನ ವೇದಾಂತಕ್ಕೆ ಬೆಂಕಿ ಹಾಕ! ನಾನು ಹೇಳಿದ್ದು ಸಮಾಧಾನಕ್ಕೆ ಕಣೋ, ಹೀಗೆ ಕಲ್ಲುಕಂಬದ ಹಾಗೆ ಕೂರೋಕಲ್ಲ! ಶಶೀ, ಕಿತ್ತಾಕಿಸೇ ಅದನ್ನ!”

ಪಿಂಟೋ ಪರದೆ ತೋರಿಸಿದರು. ಅಪ್ಪನ ಕಾಯಿಲೆ, ಕೆಲಸ, ಮದುವೆ, ಎಲ್ಲದರ ಗೆರೆಗಳೂ ಆ ಒಂದೇ ಚುಕ್ಕಿಯ ಕಡೆಗೆ ವಾಲಿಕೊಂಡಿದ್ದವು. “ಎಲ್ಲದಕ್ಕೂ ಆಗುವ ಕಾರಣ ಎಲ್ಲವನ್ನೂ ನುಂಗುತ್ತದೆ. ಹಸಿ ಇದ್ದದ್ದು ಪುಣ್ಯ. ಕಳಚಲಿಕ್ಕೆ ಬಿಡುವಾ.”

ಎರಡನೆಯ ಸಲ ಅವಳು ಮಾಡಿದ್ದು ತನ್ನ ಕೋಣೆಯ ಅಭ್ಯಾಸದಂತೆ. ಧಾರಾವಾಹಿ ಎಲ್ಲಾದರೂ ಸಿಕ್ಕಿಹಾಕಿಕೊಂಡಿತೆಂದರೆ ಅಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದುದು ಒಂದೇ: ವಿಲನ್ ಯಾರು? ಹೊರಗಿನವನೊಬ್ಬನನ್ನು ಒಳತಂದರೆ ಮನೆಯವರೆಲ್ಲ ಬಚಾವು. ಮೇದಿನಿ ಹೋಗುವ ಹಿಂದಿನ ವಾರ ಹಾಲಿನ ಜವರಪ್ಪನ ಮೊಪೆಡ್ ಅವಳಿಗೆ ತಗುಲಿ ಮಂಡಿ ತರಚಿತ್ತು. ಪ್ರಭು ಅದನ್ನು ಕಂಡಿದ್ದ. ಜವರಪ್ಪ ಅದೇ ತಿಂಗಳು ಆ ಬೀದಿಗೆ ಬರುವುದನ್ನು ಬಿಟ್ಟಿದ್ದ. ಅವನಿಗೆ ಏನೂ ತಗಲುವುದಿಲ್ಲವೆಂದುಕೊಂಡು, ಆ ಬಿದ್ದದ್ದರಿಂದ ಈ ಸಾವು ಎಂದು ಅವಳು ಪೆಡಲ್ ಒತ್ತಿದಳು. ಗೆರೆ ನೇರವಾಗಿ, ಚೊಕ್ಕವಾಗಿ ಮೂಡಿತು.

ಎರಡು ದಿನ ಪ್ರಭು ತುಂಬ ಚೆನ್ನಾಗಿದ್ದ. ಹೊಟ್ಟೆ ತುಂಬ ಉಂಡ. ಮೇದಿನಿಯ ಪಟದ ಮುಂದೆ ನಿಂತು, “ಮೂರು ವರ್ಷ ಆಯ್ತಲ್ಲ,” ಎಂದ. ಮೂರನೆಯ ದಿನ ಬೆಳಗ್ಗೆ ವಾಕಿಂಗ್ ಹೋಗಿಬರುತ್ತೇನೆಂದು ಹೊರಟವನು ಹೊತ್ತಾದರೂ ಬರಲಿಲ್ಲ. ಶಶಿರೇಖಾ ಎರಡು ಬೀದಿಯಾಚೆ, ಹಾಲಿನ ಬೂತಿನ ಹತ್ತಿರ ಜನ ಸೇರಿದ್ದನ್ನು ಕಂಡು ಓಡಿದಳು. ಪ್ರಭುವಿನ ಕೈಯಲ್ಲಿ ಕಬ್ಬಿಣದ ಸಲಾಕೆ. ಹಾಲು ಚೆಲ್ಲಿ ಮೋರಿಗೆ ಹರಿಯುತ್ತಿತ್ತು. ಜವರಪ್ಪ ಮೊಣಕೈ ಹಿಡಿದುಕೊಂಡು ಕಟ್ಟೆಗೆ ಒರಗಿದ್ದ. ಅವನ ಅಂಗಿಯ ತೋಳು ಕೆಂಪಾಗಿತ್ತು.

“ಯಾಕ್ ಬುದ್ಧಿ? ನಾನೇನ್ ಮಾಡ್ದೆ?”

“ನನ್ನ ಮಗಳನ್ನ ಕೊಂದೆಯಲ್ಲೋ!”

ಜವರಪ್ಪ ಶಶಿರೇಖಾಳನ್ನು ಕಂಡು ಅಳುತ್ತ ಕೈಮುಗಿದ. “ಅವ್ವಾ, ನೀವಾದ್ರೂ ಹೇಳ್ರವ್ವ. ಕೂಸು ಬಿದ್ದಾಗ ನಾನೇ ಎತ್ಕಂಡು ಮಣ್ಣು ವರಸ್ದೆ. ಮಂಡಿ ತರಚಿತ್ತು, ಅಷ್ಟೇಯ. ಆಮೇಕೆ ಅದು ಹೋಯ್ತು ಅಂತ ಗೊತ್ತಾಗಿ ನಿಮ್ ಬೀದಿಗೆ ಬರಾಕೇ ಆಗ್ನಿಲ್ಲ ನಂಗೆ.”

ಅವಳು ಸಲಾಕೆ ಕಿತ್ತುಕೊಂಡಳು. ಜನರ ಕಾಲು ಹಿಡಿದಂತೆ ಬೇಡಿ, ಗಂಡನಿಗೆ ತಲೆ ಸರಿಯಿಲ್ಲವೆಂದು ಹೇಳಿ, ಅವನನ್ನು ಪರಿಚಯದವರ ಜೊತೆ ಮನೆಗೆ ಕಳಿಸಿ, ಜವರಪ್ಪನನ್ನು ಆಟೋದಲ್ಲಿ ಕೂರಿಸಿ ತಾನೇ ಹೊಲಿಗೆ ಹಾಕಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಅವನೇ ಅವಳಿಗೆ ಸಮಾಧಾನ ಹೇಳಿದ. ತಲೆಗೆ ಬಿದ್ದಿದ್ದರೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ಸಲಾಕೆ ಹಿಡಿದದ್ದು ಪ್ರಭು. ಜವರಪ್ಪನ ಕಡೆಗೆ ದಾರಿ ತೋರಿಸಿದ್ದು ಅವಳು.

*

ಆ ಕೊಂಡಿಯೂ ಕಳಚಿತು. ಸ್ವಲ್ಪ ದಿನ ಮಿದುಳಿಗೆ ವಿಶ್ರಾಂತಿ ಬೇಕು, ಮುಂದಿನ ವಾರ ಬನ್ನಿ ಎಂದರು ಪಿಂಟೋ. ಆ ಒಂದು ವಾರವನ್ನು ಶಶಿರೇಖಾ ಗಂಡನ ಮುಖ ಕಾಯುತ್ತ ಕಳೆದಳು. ಅವನು ಮಗಳಿಗೆ ಡಬ್ಬಿ ಕಟ್ಟುವುದನ್ನು ಬಿಟ್ಟಿದ್ದ. ಯಾವುದನ್ನೋ ಹುಡುಕುವವನಂತೆ ಹುಬ್ಬು ಗಂಟಿಕ್ಕಿ ಕೂರುತ್ತಿದ್ದ.

“ಶಶಿ, ಮೇದಿನಿ ಒಂದಿನ ತಲೆನೋವು ಅಂದಿದ್ದಳು ಅಲ್ವಾ?”

ಕೈಯಲ್ಲಿದ್ದ ಬಟ್ಟೆಯನ್ನು ಅವಳು ಎರಡನೆಯ ಸಲ ಮಡಿಸಿದಳು. “ನೆಗಡಿ ಆಗಿತ್ತಲ್ಲ, ಅದಕ್ಕೆ.”

“ಮುಲಾಮು ಹಚ್ಚಿ ಸ್ಕೂಲಿಗೆ ಕಳಿಸಿದ್ದು ಯಾರು?”

“ಬಿಡು ಪ್ರಭು. ಆ ನೆಗಡಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟ್ರೇ ಹೇಳಿದ್ರು.”

“ನಾನೇ ಅಲ್ವಾ ಕಳಿಸಿದ್ದು?”

ಮರುದಿನ ಮಧ್ಯಾಹ್ನ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಾಗ ಅವನು ಅಲ್ಲಿದ್ದ. ಮೋಟು ಗೋಡೆಗೆ ಒರಗಿ, ದೇಹದ ಅರ್ಧಭಾರವನ್ನು ಆಚೆ ಚೆಲ್ಲಿ ಕೆಳಗೆ ನೋಡುತ್ತಿದ್ದ.

“ಇಲ್ಲಿಂದ ಅವಳು ಆಡ್ತಿದ್ದ ಜಾಗ ಕಾಣುತ್ತೆ ಶಶಿ,” ಎಂದ ತಿರುಗದೆ. “ಅವಳು ಬೇಡ ಬೇಡ ಅಂದ್ಲು. ನಾನೇ ಕಳಿಸಿದೆ. ನಾನೇ.”

ಹಿಂದಿನಿಂದ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಇಬ್ಬರೂ ಸಿಮೆಂಟಿನ ಮೇಲೆ ಬಿದ್ದರು. ಅವನು ಪ್ರತಿಭಟಿಸಲಿಲ್ಲ. ಕೆಳಗೆ ಕರೆತಂದು, ತಾರಸಿಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ರವಿಕೆಯೊಳಗಿಟ್ಟುಕೊಂಡು, ಅತ್ತೆಯನ್ನು ಮಗನ ಪಕ್ಕ ಕೂರಿಸಿ ಪಿಂಟೋ ಅವರಿಗೆ ಫೋನ್ ಮಾಡಿದಳು. ಈಗಲೇ ಕರೆದುಕೊಂಡು ಬನ್ನಿ ಎಂದರು.

ಪರದೆಯ ಮೇಲೆ ಒಂದು ಗೆರೆ ಇತ್ತು. ಯಾರೂ ಹಾಕದ ಗೆರೆ. ಮಸುಕಾಗಿತ್ತು, ಆದರೆ ದಪ್ಪವಾಗುತ್ತಿತ್ತು.

“ಅದೇ ತಾನಾಗಿ ಕಟ್ಟಿಕೊಳ್ಳುತ್ತಾ ಉಂಟು,” ಎಂದರು ಪಿಂಟೋ. ಇವತ್ತು ಅವರ ಬಾಯಲ್ಲಿ ತಮಾಷೆ ಇರಲಿಲ್ಲ. “ಯಾವುದಕ್ಕೆ ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು.”

“ಗೊತ್ತು.”

“ಇದು ಗಟ್ಟಿಯಾದರೆ ನಾನು ಏನೂ ಮಾಡಲಿಕ್ಕಾಗುವುದಿಲ್ಲ. ಬರೀ ಅಳಿಸಿದರೆ ನಾಳೆ ಪುನಃ ಬರುತ್ತದೆ. ಇದರ ಜಾಗಕ್ಕೆ ಬೇರೆಯದನ್ನು ಕಟ್ಟಬೇಕು. ಈ ನೆನಪಿನ ಪಕ್ಕದಲ್ಲೇ ಇರುವಂಥದ್ದು, ಇದಕ್ಕಿಂತ ಬಲವಾದದ್ದು ಒಂದು ಬೇಕು. ಉಂಟಾ?”

ಗಾಜಿನಾಚೆ ಪ್ರಭು ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ನರ್ಸ್ ಹೇಳಿದ ಕಡೆ ತಿರುಗುತ್ತ, ಟೋಪಿ ಹಾಕಲು ತಲೆ ಬಗ್ಗಿಸಿ ಕೊಡುತ್ತಿದ್ದ.

ಒಂದಿತ್ತು. ಆ ನೆಗಡಿಯ ದಿನ ಅವನು ಅವಳಿಗೆ ಫೋನ್ ಮಾಡಿದ್ದ. ಅವಳು ಬೆಂಗಳೂರಿನಲ್ಲಿ ಕತೆಯ ಕೋಣೆಯಲ್ಲಿದ್ದಳು. ತಲೆನೋವು ಅಂತಿದಾಳೆ, ಮನೇಲೇ ಇಟ್ಕೊಳ್ಲಾ ಎಂದು ಕೇಳಿದ್ದ. ನೆಗಡಿ ತಾನೇ, ಮುಲಾಮು ಹಚ್ಚಿ ಕಳಿಸು, ಏನಾಗಲ್ಲ ಎಂದಿದ್ದಳು ಅವಳು. ಬೀದಿಯಲ್ಲಿ ಹತ್ತು ತಾಯಂದಿರನ್ನು ಕೇಳಿದ್ದರೆ ಹತ್ತೂ ಜನ ಹೇಳುತ್ತಿದ್ದ ಮಾತು. ಮಗು ಶಾಲೆಗೆ ಹೋಗಿ, ನಗುತ್ತ ಬಂದು, ನಾಲ್ಕು ದಿನ ಆರೋಗ್ಯವಾಗಿತ್ತು. ಆ ಮಾತಿನಿಂದ ಏನೂ ಆಗಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು. ಹಂದರಕ್ಕೆ ಮಾತ್ರ ಅದು ಬೇಕಿರಲಿಲ್ಲ. ಹಂದರಕ್ಕೆ ಒಬ್ಬ ಮನುಷ್ಯ ಬೇಕಿತ್ತು. ಜವರಪ್ಪನನ್ನು ಮತ್ತೆ ಕೊಡಲು ಸಾಧ್ಯವಿರಲಿಲ್ಲ. ಪ್ರಭುವನ್ನು ಅವನ ಕೈಗೇ ಕೊಡಲು ಸಾಧ್ಯವಿರಲಿಲ್ಲ.

“ಉಂಟು,” ಎಂದಳು. ಆತಂಕದಲ್ಲಿ ಅವರದೇ ಮಾತು ಅವಳ ಬಾಯಿಗೆ ಬಂದಿತ್ತು.

ಬಾಗಿಲು ಮುಚ್ಚಿತು. ಪ್ರಭು ನಿದ್ದೆಗೆ ಇಳಿದ. ಶಶಿರೇಖಾ ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲಿನ ಮೇಲಿಟ್ಟಳು, ತಣ್ಣಗಿತ್ತು. ಮೊದಲಿನಿಂದ ಹೇಳುತ್ತ ಬಂದಳು: ಸೇತುವೆ, ಅಪ್ಪ, ಕೆಲಸ, ಮದುವೆ, ಹಾಲುಹಲ್ಲು, ಶಾಲೆ. ಆ ನೆಗಡಿಯ ಬೆಳಗಿಗೆ ಬಂದಾಗ ನಿಲ್ಲಿಸಿದಳು. ನೀರು ಕುಡಿದಳು. ದನಿ ಎಲ್ಲಿಯೂ ಅಲುಗಬಾರದಿತ್ತು.

“ಅವತ್ತು ಅವಳು ತಲೆನೋವು ಅಂದ್ಲು. ನಿನಗೆ ಕಳಿಸೋಕೆ ಮನಸ್ಸಿರಲಿಲ್ಲ ಪ್ರಭು. ನೀನು ಅವಳ ಹಣೆ ಮುಟ್ಟಿ ನೋಡಿದೆ. ಮನೇಲೇ ಇಟ್ಕೋಬೇಕು ಅಂತಿದ್ದೆ. ನನಗೆ ಫೋನ್ ಮಾಡಿದೆ. ನಾನು ಕೆಲಸದಲ್ಲಿದ್ದೆ. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕಳಿಸು, ಏನಾಗಲ್ಲ ಅಂದೆ. ನಾನು ಹೇಳಿದೆ ಅಂತ ನೀನು ಕಳಿಸಿದೆ.”

ಪೆಡಲ್ ಒತ್ತಿದಳು.

“ನಾನು ಹಾಗಂದಿದ್ದರಿಂದ ಮೇದಿನಿ ಹೋದಳು.”

ಮತ್ತೆ ಒತ್ತಿದಳು. ನಿದ್ದೆಯಲ್ಲೇ ಪ್ರಭುವಿನ ಹುಬ್ಬು ಒಮ್ಮೆ ಗಂಟಿಕ್ಕಿ ನಿಧಾನವಾಗಿ ಬಿಚ್ಚಿಕೊಂಡಿತು. ಇಷ್ಟು ತಿಂಗಳಲ್ಲಿ ಆ ಮುಖ ಅಷ್ಟು ನಿರಾಳವಾದದ್ದನ್ನು ಅವಳು ಕಂಡಿರಲಿಲ್ಲ.

ಅದನ್ನು ಮರುದಿನ ಹೇಳಿದಳು. ಅದರ ಮರುದಿನವೂ ಹೇಳಿದಳು. ಕೊನೆಯ ಸಲ ಹೇಳುವಾಗ ಆ ಮಾತು ತನಗೇ ನಿಜವೆನಿಸತೊಡಗಿದ್ದನ್ನು ಗಮನಿಸಿದಳು, ಗಮನಿಸಿಯೂ ಪೆಡಲ್ ಒತ್ತಿದಳು.

*

“ಗಟ್ಟಿ ನಿಂತಿದೆ!” ಪಿಂಟೋ ಮೇಜು ತಟ್ಟಿದರು. “ಇಷ್ಟು ಅಚ್ಚುಕಟ್ಟಾದ ಹಂದರ ನಾನು ಕಂಡದ್ದಿಲ್ಲ. ಯಾವುದಕ್ಕೆ ಕಟ್ಟಿದಿರಿ?”

“ಇದ್ದ ನೆನಪಿಗೇ ಸರ್.”

ಅವರು ಪರದೆ ಆರಿಸಿದರು. “ನನಗೆ ಹೇಳಬೇಕಂತಿಲ್ಲ. ಆದರೆ ಯಾರಿಗಾದರೂ ಒಬ್ಬರಿಗೆ ಹೇಳಿ ಮಾರಾಯ್ರೆ. ಇಂಥದ್ದನ್ನು ಒಬ್ಬರೇ ಹೊರಬಾರದು.”

ಪ್ರಭು ಗುಣವಾದ. ಬೆಳಗ್ಗೆ ಎದ್ದರೆ ಯಾವ ವಾರ, ಯಾವ ತಿಂಗಳೆಂದು ಗೊತ್ತಿರುತ್ತಿತ್ತು. ಮಗಳ ಬಟ್ಟೆಗಳನ್ನು ತಾನೇ ಕುಳಿತು ಮಡಿಸಿ ಪೆಟ್ಟಿಗೆಯಲ್ಲಿಟ್ಟ. ಅತ್ತ, ಅತ್ತು ಮುಗಿಸಿದ. ಪಾಲಿಟೆಕ್ನಿಕ್‌ನವರು ಮುಂದಿನ ಸೆಮಿಸ್ಟರಿಗೆ ಬರಬಹುದೆಂದರು. ಕಾಫಿ ಮಾಡಿಕೊಳ್ಳುವಾಗ ಎರಡು ಲೋಟ ಮಾಡುತ್ತಿದ್ದ, ತನಗೊಂದು, ಅಮ್ಮನಿಗೊಂದು.

ಒಂದು ಸಂಜೆ ಬಾಗಿಲಲ್ಲಿ ನಿಂತು ಹೇಳಿದ. “ಅವತ್ತು ನಾನು ನಿನಗೆ ಫೋನ್ ಮಾಡಿದ್ದೆ.”

“ಹೂಂ. ಮಾಡಿದ್ದೆ.”

“ಮನೇಲೇ ಇಟ್ಕೋ ಅನ್ನಬಹುದಿತ್ತು ನೀನು.”

“ಅನ್ನಬಹುದಿತ್ತು.”

“ಅಷ್ಟೇನಾ? ಬೇರೆ ಏನೂ ಇಲ್ವಾ ಹೇಳೋಕೆ?”

ಅವನು ಜಗಳಕ್ಕೆ ಕಾದಿದ್ದ. ಅವಳು ಒಂದೇ ಒಂದು ಸಮರ್ಥನೆ ಕೊಟ್ಟಿದ್ದರೂ ಅವನು ಅದನ್ನು ಹಿಡಿದು ಎಳೆಯುತ್ತಿದ್ದ. ಎಳೆದರೆ ಏನಾಗುವುದೆಂದು ಅವಳಿಗೆ ಗೊತ್ತಿತ್ತು. “ಇಲ್ಲ,” ಎಂದಳು. ಆ ರಾತ್ರಿಯಿಂದ ಅವನು ನಡುಮನೆಯಲ್ಲಿ ಹಾಸಿಗೆ ಹಾಸಿಕೊಂಡ.

ಪುಟ್ಟತಾಯಮ್ಮ ಕೆಲವು ದಿನ ನೋಡಿದರು. ಒಂದು ದಿನ, ಊಟದ ಹೊತ್ತಿಗೆ ಮುಂಚೆ, ಅಡುಗೆಮನೆಗೆ ಬಂದು ಬಾಗಿಲನ್ನು ಅರ್ಧ ಮುಂದೆ ಮಾಡಿದರು.

“ಅವನು ನಿನ್ನ ಜೊತೆ ಮಾತಾಡ್ತಾ ಇಲ್ಲ. ನಿನ್ನಿಂದಲೇ ಆಯ್ತು ಅಂತಾನೆ. ಅವತ್ತು ಡಾಕ್ಟ್ರು ಹೇಳುವಾಗ ನಾನೂ ಅಲ್ಲೇ ಇದ್ದೆ ಕಣೇ. ನಿಜ ಹೇಳು, ಅವನ ಕಿವೀಲಿ ಏನು ಹೇಳಿದೆ?”

ಶಶಿರೇಖಾ ಸಾರಿಗೆ ಉಪ್ಪು ಹಾಕಿದಳು. ಹೇಳಿಬಿಡಬಹುದಿತ್ತು. ಈ ಮುದುಕಿ ನಾಲಿಗೆಯಲ್ಲಿ ಚುಚ್ಚಿದರೂ ನ್ಯಾಯದವಳು. ನ್ಯಾಯದವಳಾದ್ದರಿಂದಲೇ ಕೇಳಿದ ಮೇಲೆ ಒಂದು ಗಂಟೆಯೂ ತಡೆಯುತ್ತಿರಲಿಲ್ಲ. ಸೊಸೆಗೆ ಅನ್ಯಾಯವಾಗಿದೆಯೆಂದು ಮಗನ ಎದುರು ನಿಲ್ಲುತ್ತಿದ್ದಳು.

“ನಡೆದದ್ದನ್ನೇ ಹೇಳಿದೆ ಅತ್ತೆ.”

“ಫೋನಿನ ವಿಷಯ?”

“ನಡೆದದ್ದೇ.”

ಪುಟ್ಟತಾಯಮ್ಮ ಒಂದು ಹೆಜ್ಜೆ ಹಿಂದೆ ಸರಿದರು. “ಆ ಫೋನಿನ ವಿಷಯ ನನಗಾದ್ರೂ ಆಗಲೇ ಹೇಳಬಾರದಿತ್ತಾ,” ಎಂದು, ತಟ್ಟೆಗಳನ್ನು ತಾವೇ ಎತ್ತಿಕೊಂಡು ಹೋದರು.

ಹೊರಗೆ ಅಮ್ಮ ಮಗ ಊಟಕ್ಕೆ ಕುಳಿತ ಸದ್ದು. ಸ್ವಲ್ಪ ಹೊತ್ತಿಗೆ ಪ್ರಭು ಮಾತಾಡತೊಡಗಿದ. “ಒಂದನೇ ಕ್ಲಾಸಲ್ಲಿದ್ದಾಗ ಅಲ್ವಾಮ್ಮ ಅವಳು ನಿನ್ನ ಹಲ್ಲಿನ ಸೆಟ್ಟನ್ನ ಸ್ಕೂಲಿಗೆ ತಗೊಂಡು ಹೋಗಿದ್ದು? ಆಮೇಲೆ ಎರಡನೇ ಕ್ಲಾಸಿಗೆ ಬಂದಾಗ, ಅದೇ ಟೀಚರ್ರು, ಈ ಸಲ ಅಜ್ಜಿದು ಏನೂ ತಂದಿಲ್ಲವಾ ಅಂತ...” ಪುಟ್ಟತಾಯಮ್ಮ ನಕ್ಕರು. ಪ್ರಭುವೂ ನಕ್ಕ, ಗಂಟಲು ತುಂಬ. ಅವನ ಬಾಯಲ್ಲಿ ಮೇದಿನಿ ಒಂದನೇ ಕ್ಲಾಸಿನಿಂದ ಎರಡನೇ ಕ್ಲಾಸಿಗೆ ಹೋದಳು, ಹಲ್ಲು ಬಿದ್ದು ಹಲ್ಲು ಬಂತು, ಸೈಕಲ್ ಕಲಿತಳು.

ಶಶಿರೇಖಾ ಸಾರಿನ ಪಾತ್ರೆ ಹಿಡಿದು ಬಾಗಿಲವರೆಗೆ ಬಂದಿದ್ದಳು. ತಾನು ಹೊರಗೆ ಕಾಲಿಟ್ಟರೆ ಆ ಮಾತು ನಿಲ್ಲುತ್ತದೆಂದು ಗೊತ್ತಾಯಿತು. ಹಿಂದಕ್ಕೆ ಹೋಗಿ ಪಾತ್ರೆಯನ್ನು ಒಲೆಯ ಮೇಲಿಟ್ಟು, ಉರಿ ಸಣ್ಣ ಮಾಡಿದಳು. ಮಗಳು ನಾಲ್ಕನೇ ಕ್ಲಾಸಿಗೆ ಸೇರುವುದು ಕೇಳಿಸುವವರೆಗೆ ಅಲ್ಲೇ ನಿಂತಳು. ಅಷ್ಟರಲ್ಲಿ ತೀರ್ಮಾನವಾಗಿತ್ತು: ಪಿಂಟೋ ಅವರಿಗಿಲ್ಲ, ಅತ್ತೆಗಿಲ್ಲ. ಯಾರಿಗೂ ಹೇಳುವುದಿಲ್ಲ.